ನಿಂಬೆಹಣ್ಣಿಟ್ಟರು, ಬ್ರೇಕಿನ ಮಾತು ಹೇಳಲಿಲ್ಲ

ಹೊಸ ಕಾರಿನ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿದಾಗ ಅದು ಪಚಕ್ಕನೆ ಒಡೆದು ಒಂದು ವಾಸನೆ ಬರುತ್ತದಲ್ಲ, ಹುಳಿಯ ಜೊತೆ ಹೊಸ ರಬ್ಬರಿನ ವಾಸನೆ... ಮೊನ್ನೆ ಮಹದೇವಪುರದ ಶೋರೂಮಿನಲ್ಲಿ ನನ್ನ ಕಾರು ತೆಗೆದುಕೊಳ್ಳುವಾಗ ಅದು ಮೂಗಿಗೆ ಬಡಿಯಿತು. ಕಾರು ಇನ್ನೂ ಗೇಟು ದಾಟಿರಲಿಲ್ಲ. ಹೆಬ್ಬಗೋಡಿಯ ನಮ್ಮ ಓನರ್ ಆಂಟಿ ನೆನಪಾದರು. ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು.

ಆಗ ನಾನು ದಾವಣಗೆರೆಯಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಸೇರಿದ್ದೆ. ಹೆಬ್ಬಗೋಡಿಯಲ್ಲಿ ಒಂದು ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಒಂಟಿ ರೂಮು, ಕೆಳಗಡೆ ಓನರ್ ಆಂಟಿ ಮತ್ತು ಅವರ ಮಗ. ಆಂಟಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎದುರಿಗಿದ್ದ ಪೀಜಿ ಬಿಲ್ಡಿಂಗನ್ನು ಕೈಮಾಡಿ ತೋರಿಸಿ, "ಅಲ್ಲೆಲ್ಲ ನಾವು ಅವರೆ ಆಕ್ತಿದ್ವಿ ಕಣಮ್ಮ" ಅನ್ನುತ್ತಿದ್ದರು, ನಿನ್ನೆ ಮೊನ್ನೆಯ ಮಾತೇನೋ ಅನ್ನುವ ಹಾಗೆ. ಅವರೆ ಹೋಗಿ ಮನೆಗಳು ಬೆಳೆದಿದ್ದವು. ಅವರೆಕಾಯಿ ಮಾತ್ರ ಮಾರ್ಕೆಟ್ಟಿನಿಂದ ಬರುತ್ತಿತ್ತು. ಸಂಜೆ ಮೆಟ್ಟಿಲ ಮೇಲೆ ಕೂತು ಆಂಟಿ ಅದನ್ನು ಬಿಡಿಸುತ್ತಿದ್ದರು, ಬರುವವರನ್ನೂ ಹೋಗುವವರನ್ನೂ ವಿಚಾರಿಸಿಕೊಳ್ಳುತ್ತ.

ಅವರಿಗೆ ಒಬ್ಬಳೇ ಅಕ್ಕ, ಅತ್ತಿಬೆಲೆಯಲ್ಲಿ. ಆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಪಕ್ಕದ ಮನೆಯವರು ಮೈ ತೊಳೆದು ಗಂಜಿ ಕುಡಿಸುತ್ತಿದ್ದರು, ಆದರೆ ಅಕ್ಕನಿಗೆ ಬೇಕಾಗಿದ್ದದ್ದು ತಂಗಿಯ ಕೈಯ ಮುದ್ದೆ, ಸೊಪ್ಪಿನ ಸಾರು. ಹೊಸೂರು ರಸ್ತೆಯ ಬಸ್ಸಿನಲ್ಲಿ ನಿಲ್ಲುವುದಕ್ಕೇ ಜಾಗವಿರದಿದ್ದ ಕಾಲ, ಬಿಸಿ ಡಬ್ಬಿ ಹಿಡಿದುಕೊಂಡು ಹತ್ತುವುದು ಹೇಗೆ? ಮಗನನ್ನು ಕೇಳಿದರೆ, "ನಾಳೆ ಕರ್ಕೊಂಡ್ ಓಗ್ತೀನಿ ಬಿಡಮ್ಮ." ಆ ನಾಳೆ ಬರುತ್ತಲೇ ಇರಲಿಲ್ಲ. ಸೈಟು ತೋರಿಸುವುದು, ಪಾರ್ಟಿ ಭೇಟಿ ಮಾಡುವುದು, ಫೋನು, ಫೋನು, ಫೋನು.

ಒಂದು ದಿನ ಆಂಟಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಡ್ರೈವಿಂಗ್ ಸ್ಕೂಲಿಗೆ ಹೊರಟೇಬಿಟ್ಟರು. ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಮಗ ನಕ್ಕ. "ಈ ವಯಸ್ನಲ್ಲಿ ನಿಂಗ್ಯಾಕಮ್ಮ ಈ ಶೋಕಿ?" ಅಂದ. ಶೋಕಿಯಂತೆ! ಹಾಸಿಗೆ ಹಿಡಿದ ಅಕ್ಕನಿಗೆ ಊಟ ಒಯ್ಯುವುದು ಶೋಕಿ!

ಸ್ಕೂಲಿನದ್ದು ಲಡಕಾಸಿ ಹಳೇ ಕಾರು. ಅಲ್ಲಿನ ಮೇಷ್ಟ್ರು ಒಂದೇ ಮಂತ್ರ ಹೇಳಿಕೊಟ್ಟಿದ್ದರು: ಬ್ರೇಕನ್ನು ಒಂದೇ ಸಲ ತುಳಿಯಬೇಡಿ, ಚಕ್ರ ಲಾಕ್ ಆಗಿ ಗಾಡಿ ಜಾರುತ್ತೆ, ಒತ್ತಿ ಬಿಡಿ, ಒತ್ತಿ ಬಿಡಿ. ಆ ಹಳೇ ಗಾಡಿಗೆ ಅದು ಸರಿಯಾದ ಮಾತೇ. ಆಂಟಿ ಅದನ್ನು ವ್ರತದ ಹಾಗೆ ಹಿಡಿದರು. ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ಅವರೆಕಾಯಿ ಬಿಡಿಸುತ್ತ, ಬರಿಗಾಲಿನಲ್ಲಿ ಕೆಳಗಿನ ಮೆಟ್ಟಿಲನ್ನು ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಆಫೀಸಿನಿಂದ ಬಂದ ನನ್ನನ್ನು ಕಂಡರೆ, "ನೋಡಮ್ಮ, ಈಗ ನಿನ್ನ ಎದ್ರುಗೆ ನಾಯಿ ಬಂತು ಅಂದ್ಕೋ" ಅಂತ ಮತ್ತೆ ಒತ್ತಿ ಬಿಟ್ಟು ತೋರಿಸುವರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಲೈಸೆನ್ಸು ಬಂತು. ಬಾಡಿಗೆ ದುಡ್ಡು ಕೂಡಿಟ್ಟು ತಮ್ಮ ಹೆಸರಿನಲ್ಲೇ ಕಾರು ತೆಗೆದುಕೊಂಡರು. ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಬ್ಬಬ್ಬಾ, ಅಲ್ಲಿನ ಸಂಭ್ರಮ ನೋಡಬೇಕಿತ್ತು! ಮಂಗಳಾರತಿ, ಬೂದುಗುಂಬಳ ಒಡೆದದ್ದು, ಕೇಕು ಕತ್ತರಿಸಿದ್ದು, ಮೊಣಕೈಯಷ್ಟುದ್ದದ ರಟ್ಟಿನ ಕೀ ಹಿಡಿಸಿ ಫೋಟೋ ತೆಗೆದದ್ದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಸೇಲ್ಸಿನವನು ಮಾತ್ರ ಉದ್ದಕ್ಕೂ ಮಗನ ಜೊತೆಯೇ ಮಾತಾಡುತ್ತಿದ್ದ. ಕಾರು ಆಂಟಿಯದು, ಓಡಿಸುವವರು ಆಂಟಿ, ವಿವರಣೆ ಮಾತ್ರ ಮಗನಿಗೆ. "ಸಾರ್, ಎಬಿಎಸ್ ಇದೆ ಸಾರ್, ಟಾಪ್ ಮಾಡೆಲ್." ಆಂಟಿ ನಡುವೆ ತಲೆಹಾಕಿ, "ಅಂಗಂದ್ರೇನಪ್ಪ?" ಅಂದರು. "ಬ್ರೇಕ್ ಚೆನ್ನಾಗ್ ಹಿಡಿಯುತ್ತೆ ಅಮ್ಮ, ಸೇಫ್ಟಿಗೆ" ಅಂತ ಹೇಳಿ ಸ್ವೀಟ್ ಬಾಕ್ಸ್ ಕೈಗಿಟ್ಟ. ಅಷ್ಟೇ. ಬ್ರೇಕಿನ ಪಾಠ ಅಲ್ಲಿಗೆ ಮುಗಿಯಿತು.

ಆಂಟಿ ಹೇಗೆ ಓಡಿಸುತ್ತಿದ್ದರು ಅಂತ ಹೇಳಲೇಬೇಕು, ಯಾಕೆಂದರೆ ಆಮೇಲೆ ಜನ ಬಾಯಿಗೆ ಬಂದದ್ದು ಮಾತಾಡಿದರು. ಎರಡೂ ಕೈ ಸ್ಟೇರಿಂಗಿನ ಮೇಲೆ. ಚಪ್ಪಲಿ ಪೆಡಲಿನಡಿ ಉರುಳೀತು ಅಂತ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಹಾಕಿ ಬರಿಗಾಲಲ್ಲಿ ಓಡಿಸುವರು. ಮುಂದಿನ ಗಾಡಿಗೂ ತಮಗೂ ನಡುವೆ ಒಂದು ಆಟೋ ತೂರುವಷ್ಟು ಜಾಗ ಬಿಡುವರು. ಆಟೋಗಳು ತೂರುತ್ತಲೂ ಇದ್ದವು. "ಓಗ್ಲಿ ಬಿಡು, ಅವ್ರ ಮನೇಲಿ ಆಲು ಉಕ್ತಾ ಐತೇನೋ" ಅಂದು ಮತ್ತೆ ಅಷ್ಟೇ ಜಾಗ ಬಿಡುವರು. ವಾರಕ್ಕೊಂದು ಸಲ ಅತ್ತಿಬೆಲೆಗೆ. ರಜೆಯಿದ್ದಾಗ ನಾನೂ ಜೊತೆಗೆ, ಮಡಿಲಲ್ಲಿ ಬಿಸಿ ಸಾರಿನ ಡಬ್ಬಿ. ಕಾರಿನ ಸದ್ದು ಕೇಳಿದರೆ ಸಾಕು, ಒಳಗಿನಿಂದ ಆ ಅಕ್ಕ, "ಬಂದ್ಯೇನೇ ಡ್ರೈವರಮ್ಮ?" ಅಂತ ಕೂಗುತ್ತಿದ್ದರು...

ಆ ಸಲ ವರ್ಷದ ಮೊದಲ ಮಳೆ ಬಿದ್ದಿತ್ತು. ಎಣ್ಣೆ, ಧೂಳು ಎಲ್ಲ ಸೇರಿ ರಸ್ತೆ ಸೋಪು ಸವರಿದ ಹಾಗಾಗಿತ್ತು. ಚಂದಾಪುರ ದಾಟಿದ್ದೆವು. ಮುಂದಿದ್ದ ಟೊಮೇಟೊ ಟೆಂಪೋ ಗಕ್ಕನೆ ನಿಂತಿತು. ಆಂಟಿ ಬ್ರೇಕ್ ತುಳಿದರು. ಕಾರಿನೊಳಗೆ ಗಡಗಡ ಅಂತ ಒಂದು ಸದ್ದು. "ಅಯ್ಯೋ, ಕಾಲ್ಕೆಳ್ಗೆ ಏನೋ ಮುರ್ದೋಯ್ತು ಕಣಮ್ಮ!" ಅಂದು ಕಾಲೆತ್ತಿದರು. ಮತ್ತೆ ಒತ್ತಿದರು, ಮತ್ತೆ ಗಡಗಡ, ಮತ್ತೆ ಎತ್ತಿದರು. ಒತ್ತಿ ಬಿಡಿ, ಒತ್ತಿ ಬಿಡಿ. ಅಷ್ಟರಲ್ಲಿ ಕಾರು ಟೆಂಪೋದ ಹಿಂಭಾಗಕ್ಕೆ ಹೋಗಿ ಗುದ್ದಿತು.

ಯಾರಿಗೂ ಏನೂ ಆಗಲಿಲ್ಲ. ಬಂಪರ್ ಹೋಯಿತು, ಬಾನೆಟ್ ಮಡಚಿಕೊಂಡಿತು, ಸಾರೆಲ್ಲ ನನ್ನ ಮಡಿಲಲ್ಲಿ. ಟೆಂಪೋದವನು ಇಳಿದು ಬಂದು, "ನಿಮ್ಗೇನೂ ಆಗಿಲ್ವಲ್ಲಮ್ಮ?" ಅಂತ ಕೇಳಿದ, ಪುಣ್ಯಾತ್ಮ. ಸುತ್ತ ನಿಂತ ಬೈಕಿನವರಿಗೆ ಅಷ್ಟು ಮರ್ಯಾದೆ ಇರಲಿಲ್ಲ. "ಲೇಡೀಸ್ ಗುರು, ಲೇಡೀಸ್" ಅಂತ ಒಬ್ಬ ಹಲ್ಲು ಕಿರಿದು ಹೋದ. ಆ ಹಲ್ಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸರ್ವೀಸ್ ಸೆಂಟರಿಗೆ ನಾನೇ ಜೊತೆಯಲ್ಲಿ ಹೋದೆ. "ಬ್ರೇಕ್ ಮುರ್ದೋಗೈತೆ, ನೋಡಪ್ಪ" ಅಂದರು ಆಂಟಿ. ಟೈ ಕಟ್ಟಿದ್ದ ಒಬ್ಬ ಕಾರನ್ನು ನೋಡಿ ಬಂದು ನಕ್ಕ.

"ಬ್ರೇಕ್ ಸರಿಯಾಗೇ ಇದೆ ಅಮ್ಮ. ಎಬಿಎಸ್ ಇರೋ ಗಾಡೀಲಿ ಜೋರಾಗಿ ತುಳಿದಾಗ ಪೆಡಲ್ ಹಾಗೇ ನಡುಗುತ್ತೆ. ಚಕ್ರ ಲಾಕ್ ಆಗ್ದಿರ್ಲಿ ಅಂತ ಒತ್ತಿ ಬಿಡೋ ಕೆಲ್ಸಾನ ಗಾಡಿನೇ ಮಾಡ್ಕೊಳ್ಳುತ್ತೆ. ನೀವು ಗಟ್ಟಿಯಾಗಿ ತುಳಿದು ಹಿಡ್ಕೊಂಡೇ ಇರ್ಬೇಕು, ಜಾಗ ಇದ್ರೆ ಸ್ಟೇರಿಂಗ್ ತಿರುಗಿಸ್ಕೊಂಡು ತಪ್ಪಿಸ್ಬೇಕು. ಕಾಲೆತ್ತಿಬಿಟ್ರೆ ಹೆಂಗೆ? ಇಷ್ಟೂ ಗೊತ್ತಿಲ್ವಾ?"

ಆಂಟಿ ಅವನ ಕಡೆ ತಿರುಗಿದರು. "ಗೊತ್ತಿರೋರು ಯೋಳ್ಬೇಕಲ್ಲಪ್ಪ! ಆರತಿ ಎತ್ತುದ್ರಿ, ಕೇಕ್ ಕುಯ್ಸಿದ್ರಿ, ನಿಂಬೆಹಣ್ಣು ಮ್ಯಾಲೆ ಅತ್ತುಸಿದ್ರಿ. ಇದೊಂದ್ ಮಾತು ಯೋಳಕ್ಕೆ ನಿಮ್ಗೆಲ್ಲ ನಾಲ್ಗೆ ಬಿದ್ದೋಗಿತ್ತಾ?"

ಅವನ ನಗು ನಿಂತಿತು. ಸಾಮಾನು ಬದಲಾದಾಗ ಹಳೇ ಪಾಠ ಮರೆಯಿರಿ ಅಂತ ಹೇಳಬೇಕಾದವರು ಮಾರುವವರು. ಅವರು ಹೇಳದೇ ಬಿಟ್ಟು, ಗೊತ್ತಿಲ್ಲದವರನ್ನು ದಡ್ಡರು ಅಂದರೆ ಯಾರಿಗೆ ಮೈ ಉರಿಯುವುದಿಲ್ಲ, ಹೇಳಿ!

ಕಾರು ರಿಪೇರಿಯಾಗಿ ಮನೆಗೆ ಬಂತು. ಕೀ ಮಾತ್ರ ಮಗನ ಬೆಲ್ಟಿಗೆ ಹೋಯಿತು. "ಸಾಕು ನಿನ್ನ ಡ್ರೈವಿಂಗು, ನಾನಿಲ್ವಾ? ದೊಡ್ಡಮ್ಮನ ಮನೆಗೆ ನಾನೇ ಬಿಡ್ತೀನಿ" ಅಂದ. ನಾನು ತಡೆಯಲಾರದೆ ಕೆಳಗಿಳಿದು ಹೋಗಿ ಸರ್ವೀಸ್ ಸೆಂಟರಿನವನು ಹೇಳಿದ್ದನ್ನೆಲ್ಲ ಹೇಳಿದೆ, ಅಮ್ಮನ ತಪ್ಪೇನೂ ಇಲ್ಲ, ಹಳೇ ಕಾರಿನಲ್ಲಿ ಕಲಿಸಿದ್ದನ್ನೇ ಮಾಡಿದ್ದಾರೆ ಅಂದೆ. "ಬಾಡಿಗೆಗೆ ಇರೋರು ಬಾಡಿಗೆಗೆ ಇದ್ದಂಗೆ ಇರಿ ಮೇಡಂ" ಅಂದುಬಿಟ್ಟ. ಅದೇ ಮಹಾನುಭಾವ ಕೆಲವು ದಿನದ ನಂತರ ಫೋನಿನಲ್ಲಿ ಮಾತಾಡುತ್ತಲೇ ಅದೇ ಕಾರನ್ನು ಡಿವೈಡರಿಗೆ ಹತ್ತಿಸಿಕೊಂಡು ಬಂದ. "ಡಿವೈಡರ್ ಸರಿಯಾಗ್ ಕಟ್ಟಿಲ್ಲ ನನ್ಮಕ್ಳು" ಅಂದ. ಅವನ ಕೈಯಿಂದ ಕೀ ಕಸಿದುಕೊಳ್ಳುವವರು ಆ ಬೀದಿಯಲ್ಲಿ ಯಾರೂ ಹುಟ್ಟಿರಲಿಲ್ಲ.

ಆಂಟಿ ಮೆಟ್ಟಿಲು ಬಿಡಲಿಲ್ಲ. ಸಂಜೆ ಅದೇ ಅವರೆಕಾಯಿ, ಅದೇ ಬರಿಗಾಲು. ಆದರೆ ಈಗ ಒತ್ತಿ ಬಿಡುತ್ತಿರಲಿಲ್ಲ. ಒಂದೇ ಸಲ ಜೋರಾಗಿ ಒತ್ತಿ, ಹಿಮ್ಮಡಿ ಊರಿ, ಹಿಡಿದುಕೊಂಡೇ ಕೂರುತ್ತಿದ್ದರು. ಕಾಲಿನ ನರ ಉಬ್ಬುವವರೆಗೂ ಎತ್ತುತ್ತಿರಲಿಲ್ಲ.

"ಕಲ್ತ್ಕಂಡೆ ಕಣಮ್ಮ" ಅಂದರು ಒಂದು ಸಂಜೆ. "ಗಾಡಿ ಎಲ್ಲಿ?"

ಗಾಡಿ ಕಣ್ಣೆದುರಿಗೇ ನಿಂತಿತ್ತು, ಗೇಟಿನೊಳಗೆ, ಅವರದೇ ಹೆಸರಿನಲ್ಲಿ.

ಮಗನ ನಾಳೆಗಳು ಮತ್ತೆ ಶುರುವಾದವು. ಭಾನುವಾರ ಅಂದ, ಹಬ್ಬ ಕಳೀಲಿ ಅಂದ, ಟೈರ್ ಬದಲಾಯಿಸಬೇಕು ಅಂದ. ಆಂಟಿ ಸಾರು ಮಾಡಿ, ಡಬ್ಬಿಗೆ ಹಾಕಿ, ಸೀರೆ ಬದಲಾಯಿಸಿ ಕಾಯುವರು. ಮಧ್ಯಾಹ್ನದ ಮೇಲೆ ಆ ಡಬ್ಬಿ ನನ್ನ ರೂಮಿಗೆ ಬರುತ್ತಿತ್ತು. ಅತ್ತಿಬೆಲೆಯ ಅಕ್ಕನಿಗೆ ಸೇರಬೇಕಾದ ಊಟವನ್ನು ನಾನು ಉಂಡೆ.

ಹಾಗೇ ಒಂದು ಬೆಳಿಗ್ಗೆ ಪಕ್ಕದ ಮನೆಯವರ ಫೋನು ಬಂತು, ಅಕ್ಕ ಹೋಗಿಬಿಟ್ಟಿದ್ದರು. ಆವತ್ತು ಮಗನಿಗೆ ಟೈಮ್ ಸಿಕ್ಕಿತು ನೋಡಿ! ಕಾರು ತೆಗೆದ, ಹಾರ್ನ್ ಹೊಡೆಯುತ್ತ ಓಡಿಸಿದ. ನಾನು ಹಿಂದಿನ ಸೀಟಿನಲ್ಲಿದ್ದೆ. ಆಂಟಿ ಮುಂದೆ ಕೂತಿದ್ದರು. ಮುಂದೆ ಯಾವುದಾದರೂ ಗಾಡಿ ಅಡ್ಡ ಬಂದಾಗೆಲ್ಲ ಅವರ ಬಲಗಾಲು ತಾನಾಗಿ ಕೆಳಗಿನ ಮ್ಯಾಟನ್ನು ಒತ್ತಿ ಹಿಡಿಯುತ್ತಿತ್ತು. ಅತ್ತಿಬೆಲೆಯಲ್ಲಿ ಇಳಿಯುವಾಗ, "ಸತ್ ಮ್ಯಾಲೆ ಕರ್ಕಂಡ್ ಬಂದ್ಯಲ್ಲೋ" ಅಂದರು. ಆ ಸಲ ಒಳಗಿನಿಂದ ಯಾರೂ ಕೂಗಲಿಲ್ಲ.

ಆಮೇಲೆ ಅವರು ಕಾರಿನ ವಿಷಯ ಎತ್ತಲಿಲ್ಲ. ನಾನು ಮದುವೆಯಾಗಿ ಮಹದೇವಪುರಕ್ಕೆ ಬಂದೆ. ಹೋಗಿ ಬಂದು ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು... ಆಂಟಿ ತೀರಿಕೊಂಡ ಸುದ್ದಿ ತಿಳಿದು ಅಲ್ಲಿಗೆ ಹೋದಾಗ, ಹೂವು ಹಾಕಿ ಮಲಗಿಸಿದ್ದ ಅವರ ಬರಿಗಾಲುಗಳನ್ನೇ ನೋಡುತ್ತ ನಿಂತಿದ್ದೆ.

ಈಗ ಮೊನ್ನೆಯ ಶೋರೂಮಿಗೆ ಬರುತ್ತೇನೆ. ಅದೇ ಆರತಿ, ಅದೇ ಕೇಕು, ಅದೇ ರಟ್ಟಿನ ಕೀ. ಬದಲಾದದ್ದು ಕಾರು. ಸೇಲ್ಸಿನವನು ಹೆಮ್ಮೆಯಿಂದ, "ಮೇಡಂ, ಇದ್ರಲ್ಲಿ ಮುಂದೆ ಏನಾದ್ರೂ ಬಂದ್ರೆ ಗಾಡಿನೇ ಬ್ರೇಕ್ ಹಾಕ್ಕೊಳ್ಳುತ್ತೆ. ನೀವು ಆರಾಮಾಗಿ ಕೂತ್ಕೊಂಡ್ರೆ ಸಾಕು" ಅಂದ.

"ಆರಾಮಾಗಿ ಕೂರೋದಾದ್ರೆ ಸೋಫಾ ತಗೋತಿದ್ದೆ ಕಣಪ್ಪ" ಅಂದೆ. "ಈ ಗಾಡಿ ರಸ್ತೆ ನೋಡೋದು ಎಲ್ಲಿಂದ?"

ಅವನು ಕನ್ನಡಿಯ ಹಿಂದಿನ ಕ್ಯಾಮೆರಾ ತೋರಿಸಿದ, ಮುಂಭಾಗದಲ್ಲಿ ಸೆನ್ಸಾರ್ ಇರುವ ಜಾಗ ತೋರಿಸಿದ. ಕ್ಯಾಮೆರಾದ ಎದುರಿಗೇ ಗಾಜಿನ ಮೇಲೆ ಗಂಧ ಕುಂಕುಮ ಮೆತ್ತಿದ್ದರು. ಸೆನ್ಸಾರಿನ ಮೇಲೆ ತೋಳುದಪ್ಪದ ಚೆಂಡುಹೂವಿನ ಹಾರ ನೇತಾಡುತ್ತಿತ್ತು. ಬ್ರೇಕ್ ಹಾಕಬೇಕಾದ ಕಣ್ಣನ್ನು ಮುಚ್ಚಿ ಪೂಜೆ! ಜೋರು ಮಳೆಯಲ್ಲಿ ಅದಕ್ಕೆ ಕಾಣುತ್ತಾ, ಅಡ್ಡ ಬಂದ ಹಸು ಕಾಣುತ್ತಾ ಅಂತ ಕೇಳಿದೆ. "ಅದು... ಕೇಳಿ ಹೇಳ್ತೀನಿ ಮೇಡಂ" ಅಂದ. "ಕೇಳ್ಕೊಂಡ್ ಬಾ, ಅಲ್ಲೀವರೆಗೂ ಇಲ್ಲೇ ನಿಂತಿರ್ತೀನಿ. ಇನ್ನು ಮೇಲೆ ಯಾರಿಗೇ ಕೊಟ್ರೂ, ಗಾಡಿ ಓಡಿಸೋರಿಗೆ ಹೇಳಿ ಕೊಡಿ. ಇದು ನಿಮ್ಮ ಸಹಾಯಕ್ಕೆ ಅಷ್ಟೇ, ಬ್ರೇಕಿನ ಮೇಲಿನ ಕಾಲು ನಿಮ್ಮದೇ ಆಗಿರ್ಬೇಕು ಅಂತ ಹೇಳಿ." ನನ್ನ ಗಂಟಲು ಏರಿತ್ತು. ಶೋರೂಮಿನವರೆಲ್ಲ ತಿರುಗಿ ನೋಡಿದರು. ನೋಡಲಿ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು, ಜೋರು ಮಳೆಯಲ್ಲಿ ಕಾಣದೇ ಇರಬಹುದು, ಹಸು ಅಡ್ಡ ಬಂದಾಗಲೂ ಅದನ್ನೇ ನಂಬಿ ಕೂರಬೇಡಿ ಅಂದ. ಹಾರ ಕಿತ್ತು ಅವನ ಕೈಗೆ ಕೊಟ್ಟೆ, ಗಾಜನ್ನು ನಾನೇ ಒರೆಸಿದೆ.

ಮನೆಗೆ ಹೋಗಲಿಲ್ಲ. ಇನ್ನೂ ಮನೆ ಏಳದ ಒಂದು ಲೇಔಟಿನ ಖಾಲಿ ರಸ್ತೆಗೆ ಹೋದೆ. ತುಂತುರು ಬಿದ್ದು ನೆಲ ಒದ್ದೆಯಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಸ್ವಲ್ಪ ವೇಗ ಹಿಡಿದು, ಬ್ರೇಕನ್ನು ಪೂರ್ತಿ ತುಳಿದೆ. ಪಾದದಡಿ ಗಡಗಡ ನಡುಕ. ಗೊತ್ತಿದ್ದೂ ಎದೆ ಝಲ್ಲೆಂದಿತು. ಗೊತ್ತಿಲ್ಲದವರ ಕಾಲು ಎದ್ದೇ ಏಳುತ್ತೆ, ಯಾರದ್ದೇ ಆಗಲಿ. ನಾನು ಎತ್ತಲಿಲ್ಲ. ಕಾರು ನೆಟ್ಟಗೆ ನಿಂತಿತು.

ಪಕ್ಕದ ಸೀಟು ಖಾಲಿ ಇತ್ತು. "ಏನೂ ಮುರಿದಿಲ್ಲ ಆಂಟಿ, ಕಾಲೆತ್ತಬೇಡಿ" ಅಂತ ಗಟ್ಟಿಯಾಗೇ ಹೇಳಿದೆ. ಇಷ್ಟೇ ಮಾತು. ಇದನ್ನು ಅವತ್ತು ಒಬ್ಬನಾದರೂ ಅವರಿಗೆ ಹೇಳಿದ್ದರೆ, ಆ ಅಕ್ಕ ಕೊನೆಯ ವಾರದವರೆಗೂ ತಂಗಿಯ ಕೈಯ ಮುದ್ದೆ ಉಣ್ಣುತ್ತಿದ್ದರು.