ಮಕ್ಕಳ ಹೆಸರು ಕರೆಯೋ ದನಿ ಬೇಡಿದೆ

ಮಾರಮ್ಮನನ್ನು ನಂಬಿದ ಎಲ್ಲರಿಗೂ ಕೈ ಮುಗಿದು ಬರೀತಿದೀನಿ. ನಾನು ಚಿನ್ನದ ಗಣಿ ಊರು ಉರಿಗಾಂನ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಮನೆ ಬಂಗಾರಪೇಟೆ. ಹೋದ ದಸರಾ ರಜೆಯಲ್ಲಿ ಆಪರೇಷನ್ ಮಾಡಿಸಿ ಗಂಟಲಿನ ಗಂಟು ತೆಗೆಸಿದೆ. ಗಂಟು ಹೋಯ್ತು, ಅದರ ಜೊತೆ ದನಿಯೂ ಹೋಯ್ತು. "ನರ ಸೋತಿದೆಯಮ್ಮ. ಬಂದರೂ ಬರಬಹುದು, ಹೇಳೋಕಾಗಲ್ಲ" ಅಂದರು ಡಾಕ್ಟರು.

ದನಿ ಇಲ್ಲದ ಟೀಚರಮ್ಮ ಯಾತಕ್ಕೆ ಬಂದಳು? ನನ್ನ ಸಂಕಟವೆಲ್ಲ ಹಾಜರಿಯದ್ದು. ನಮ್ಮಲ್ಲಿ ಮೈನ್ಸ್ ಲೈನಿನ ಸಾಲುಮನೆಗಳ ಮಕ್ಕಳು ಮನೆಯಲ್ಲಿ ತಮಿಳು ಆಡ್ತಾರೆ, ಹಳ್ಳಿ ಕಡೆಯಿಂದ ಬರೋ ಮಕ್ಕಳು ತೆಲುಗು. ಬಂದ ದಿನವೇ ಕನ್ನಡ ಮಾತಾಡು ಅಂದರೆ ಬಾಯಿಗೆ ಬೀಗ ಹಾಕ್ಕೊಂಡುಬಿಡ್ತವೆ. ಅದಕ್ಕೇ ನಾನು ಹೆಸರು ಕರೆದರೆ ಮೊದಲು ಮನೆ ಮಾತಲ್ಲಿ ಓಗೊಡಬೇಕು, ಆಮೇಲೆ ಕನ್ನಡದಲ್ಲಿ. "ವಂದುಟ್ಟೇನ್ ಮಿಸ್, ಬಂದಿದೀನಿ ಮಿಸ್!" "ವಚ್ಚಾನು ಮಿಸ್, ಬಂದಿದೀನಿ ಮಿಸ್!" ಹೆಡ್‌ಮಾಸ್ಟರು "ಏನ್ರೀ ಇದು ಸಂತೆ?" ಅಂತ ಗೊಣಗೋರು. ಗೊಣಗಲಿ ಅಂತ ಬಿಟ್ಟಿದ್ದೆ.

ರಜೆ ಹಾಕಿ ಮನೆಯಲ್ಲಿ ಕೂತೆ. ಬೆಳಗ್ಗೆ ಮಾರಿಕುಪ್ಪಂ ರೈಲು ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಎದ್ದುಬಿಡ್ತಿದ್ದೆ. ನಾನು ದಿನಾ ಹತ್ತುತ್ತಿದ್ದ ರೈಲು ಅದು. ಅಡುಗೆಮನೆ ಕಿಟಕಿ ಹತ್ತಿರ ನಿಂತು ಸೆಲ್ವಿ, ನಾಗೇಶ, ಮುನಿರತ್ನ ಅಂತ ತುಟಿಯಲ್ಲೇ ಹಾಜರಿ ಕರೀತಿದ್ದೆ. ಓಗೊಡೋರು ಯಾರು? ಕುಕ್ಕರ್ ಕೂಗೋದು, ಅಷ್ಟೇ.

ಅದನ್ನು ನೋಡಿ ನಮ್ಮತ್ತೆಗೆ ತಡೆಯಲಾಗಲಿಲ್ಲ. "ಅಳಬ್ಯಾಡ ಕಣಮ್ಮ. ಮಾರಮ್ಮಂಗೆ ಅಂಬಲಿ ಉಯ್ತೀನಿ ಅಂತ ಅರಕೆ ಕಟ್ಕೋ. ಅವಳೇನು ಕಿವುಡಿನಾ?"

ಹರಕೆ ಕಟ್ಟಿಕೊಂಡು ಶುಕ್ರವಾರ ಶುಕ್ರವಾರ ಗುಡಿಗೆ ಹೋದೆ. ಮೊದಮೊದಲು ಬೇಡಿಕೊಂಡೆ. ಆಮೇಲೆ ಮನಸ್ಸಲ್ಲೇ ಜಗಳ ತೆಗೆದೆ. "ನಾನೇನು ಸಂಗೀತ ಕಛೇರಿ ಕೊಡೋಕೆ ದನಿ ಕೇಳಿದೀನಾ? ನನ್ನ ಮಕ್ಕಳನ್ನ ಒಂದ್ಸಲ ಹೆಸರು ಹಿಡಿದು ಕರೀಬೇಕು, ಅವು ಓಗೊಡಬೇಕು. ಅಷ್ಟು ಕೊಡೋಕೂ ನಿನಗೆ ಮನಸ್ಸಿಲ್ವಾ ತಾಯೇ?"

ಸಂಕ್ರಾಂತಿ ಕಳೆಯಿತು. ರಜೆ ಮುಗೀತು, ದನಿ ಬರಲಿಲ್ಲ. ಇನ್ನು ಪಾಠ ನನ್ನ ಹಣೆಯಲ್ಲಿಲ್ಲ, ಆಫೀಸಿನಲ್ಲಿ ಏನಾದರೂ ಕೆಲಸ ಕೊಡಿ ಅಂತ ಕೇಳೋಕೆ ಹೊರಟೆ. ರೈಲಿನಲ್ಲಿ ಉದ್ದಕ್ಕೂ ಅಳುತ್ತಲೇ ಇದ್ದೆ.

ಮಕ್ಕಳನ್ನ ಒಂದ್ಸಲ ನೋಡಿಬಿಡೋಣ ಅಂತ ಮೊದಲು ಕ್ಲಾಸಿಗೇ ಹೋದೆ. "ಮಿಸ್ ಬಂದ್ರೂ!" ಅಂತ ಎಲ್ಲವೂ ಬಂದು ತಬ್ಬಿಕೊಂಡವು. ಕುರ್ಚಿಯಲ್ಲಿ ಕೂತೆ ನೋಡಿ, ಅಭ್ಯಾಸ ಬಿಡುತ್ತಾ? ತುಟಿ ತಾನೇ ಆಡಿತು. ಸೆಲ್ವಿ. ಬರೀ ಗಾಳಿ ಬಂತು.

ಮುಂದಿನ ಸಾಲಿನ ಸೆಲ್ವಿ ನನ್ನ ಬಾಯನ್ನೇ ನೋಡಿದಳು. ಎದ್ದು ನಿಂತಳು. "ವಂದುಟ್ಟೇನ್ ಮಿಸ್, ಬಂದಿದೀನಿ ಮಿಸ್!"

ಅಯ್ಯೋ ತಾಯೇ! ನಾಗೇಶ ಅಂತ ತುಟಿ ಆಡಿಸಿದೆ. "ವಚ್ಚಾನು ಮಿಸ್!" ಮುನಿರತ್ನ ಎದ್ದಳು, ಅವಳ ಹಿಂದಿನವಳು ಎದ್ದಳು. ಕೊನೇ ಬೆಂಚಿನವರೆಗೂ ಒಬ್ಬರೂ ತಪ್ಪಲಿಲ್ಲ. ನನಗೆ ಕಣ್ಣು ಕಾಣದಷ್ಟು ನೀರು ಬಂತು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. "ಸಂತೆ ಇಲ್ಲದೆ ಶಾಲೆ ಬಿಕೋ ಅಂತಿತ್ತು ಕಣ್ರೀ" ಅಂದರು. ನಾನು ಆಫೀಸ್ ಕೆಲಸದ ಮಾತೇ ಎತ್ತಲಿಲ್ಲ.

ಆ ಶುಕ್ರವಾರವೇ ಗುಡಿ ಮುಂದೆ ಬಂದವರಿಗೆಲ್ಲ ಅಂಬಲಿ ಹುಯ್ಯಿಸಿದೆ. "ದನಿ ಬರೋಕೆ ಮುಂಚೇನೇ ಅರಕೆ ತೀರುಸ್ತಿದೀಯಲ್ಲಮ್ಮ" ಅಂದರು ಅತ್ತೆ. ಅವರ ಕಿವಿಗೆ ಬಾಯಿಟ್ಟು ಉಸುರಿದೆ. "ಕರೆದೆ, ಓಗೊಟ್ಟವು. ನಾನು ಕೇಳಿದ್ದು ಅದೇ ಅಲ್ವಾ?"

ಈಗ ಸ್ವಲ್ಪ ಗೊಗ್ಗರು ದನಿ ಬಂದಿದೆ. ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ನನ್ನ ಹಳೇ ದನಿ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಜೀವ ಹಂಬಲಿಸುತ್ತೆ, ಸುಳ್ಳು ಯಾಕೆ ಹೇಳಲಿ. ಪ್ರತಿ ಶುಕ್ರವಾರ ಗುಡಿ ಮುಂದೆ ನಿಂತು ಕೇಳ್ತಾನೇ ಇದೀನಿ, ಜೋರಾಗಿ ಏನಲ್ಲ. ತುಟಿ ಆಡಿಸಿದರೆ ಅವಳಿಗೂ ಸಾಕು.