ಮಾವ ಹೆಸರು ಬರೆದ ಕೊಡಗಳು

ಮೊನ್ನೆ ಭಾನುವಾರ ಇಸ್ತ್ರಿ ಮಾಡುತ್ತ ನಿಂತಿದ್ದಾಗ ತಂಗಿಯ ಫೋನ್ ಬಂತು. ನಮ್ಮ ತಂಗಿ ಮಾತು ಶುರುವಿಟ್ಟುಕೊಂಡರೆ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇದೆ ಎಂಬುದಿರಲಿ, ಕೈ ಇದೆ ಎಂಬುದೂ ಮರೆತುಹೋಗುತ್ತದೆ. ನೆನಪಾಗುವ ಹೊತ್ತಿಗೆ ಪಾಲಿಯೆಸ್ಟರ್ ಸೀರೆಯ ಸೆರಗಿನಲ್ಲಿ ದೊಡ್ಡ ತೂತು ಬಿದ್ದು, ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬಟ್ಟೆ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದವಳು ಸೀರೆ ಸುಟ್ಟುಕೊಂಡಳು ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ, ನನ್ನ ಅಭ್ಯಂತರವಿಲ್ಲ. ನಾನಂತೂ ಕಿಟಕಿ ತೆಗೆಯುವುದನ್ನೂ ಮರೆತು ಸ್ವಲ್ಪ ಹೊತ್ತು ಆ ವಾಸನೆಯಲ್ಲೇ ನಿಂತೆ. ಅದು ನಮ್ಮ ಮಾವನ ಅಂಗಡಿಯ ವಾಸನೆ.

ಮಾವ ಎಂದರೆ ನನ್ನ ಗಂಡನ ತಂದೆ, ತಮಿಳುನಾಡಿನ ಉಡುಮಲೈಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಅವರ ಹಿರಿಯರು ಕಡಲೆಕಾಯಿ, ಹತ್ತಿ ಬೆಳೆಯುತ್ತಿದ್ದವರು. ಎಷ್ಟು ತಲೆಮಾರಿನ ಹಿಂದೆ ಕನ್ನಡ ಸೀಮೆ ಬಿಟ್ಟು ಬಂದರೋ ಮನೆಯಲ್ಲಿ ಯಾರಿಗೂ ತಿಳಿಯದು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಅರಸೀಕೆರೆ ಕಡೆಯಿಂದ ಸೊಸೆಯಾಗಿ ಬಂದ ನಾನು ಅವರ ಕನ್ನಡ ಅರ್ಥ ಮಾಡಿಕೊಳ್ಳುವುದಕ್ಕೆ ಮೊದಲು ತಮಿಳು ಕಲಿಯಬೇಕಾಯಿತು. ಕನ್ನಡ ಓದಲು ಬರುವುದು ಆ ಮನೆಯಲ್ಲಿ ನನ್ನೊಬ್ಬಳಿಗೇ. ಹಾಗಾಗಿ ಮನೆಯವರ ಬಗ್ಗೆ ಇಲ್ಲಿ ಏನು ಬರೆದರೂ ನಡೆದೀತು ಎಂಬ ಧೈರ್ಯ ನನಗಿದೆ. ನೀವು ಮಾತ್ರ ಹೋಗಿ ಚಾಡಿ ಹೇಳಬಾರದು.

ನಮ್ಮ ಕಡೆ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಮದುವೆಗೆ ಕೊಟ್ಟವರ ಹೆಸರು, ಮನೆಯ ಹಿರಿಯನ ಹೆಸರು, ಕೊನೆಗೆ ಇನಿಷಿಯಲ್ಲಾದರೂ ಬೇಕು. ಎವರ್‌ಸಿಲ್ವರ್ ಅಂದರೆ ಸ್ಟೀಲ್ ಪಾತ್ರೆಯ ಮೇಲೆ ಕೊರೆಯಲು ಸಣ್ಣದೊಂದು ಮಿಷನ್ ಇತ್ತು. ಆಮೇಲೆ ಪ್ಲಾಸ್ಟಿಕ್ ಕೊಡಗಳು ಬಂದವು, ಹಸಿರು, ನೀಲಿ, ಕಿತ್ತಳೆ. ಊರಿಗೆ ಮೊದಲು ತಂದವರು ತಾವೇ ಎಂದು ಮಾವ ಹೇಳಿಕೊಳ್ಳುತ್ತಾರೆ. ಪಕ್ಕದ ಬೀದಿಯ ಇನ್ನೊಂದು ಅಂಗಡಿಯವರೂ ಹಾಗೇ ಹೇಳಿಕೊಳ್ಳುತ್ತಾರೆ. ತರಿಸಿದ್ದು ನಮ್ಮ ಅತ್ತೆಯ ಒತ್ತಾಯಕ್ಕೆ ಎನ್ನುವುದು ಮಾತ್ರ ನಿಜ. ಹಿತ್ತಾಳೆ ಕೊಡ ಹೊತ್ತು ಹೊತ್ತು ಅವರ ಸೊಂಟ ಒಂದು ಕಡೆಗೆ ವಾಲಿತ್ತು. ಪ್ಲಾಸ್ಟಿಕ್ ಕೊಡ ಸೊಂಟಕ್ಕೇರಿದ ದಿನ ಅತ್ತೆ ಬೀದಿ ನಲ್ಲಿಯಿಂದ ಹಾಡು ಹೇಳಿಕೊಂಡು ಬಂದರಂತೆ.

ಆದರೆ ಬೀದಿ ನಲ್ಲಿಯಲ್ಲಿ ಹೊಸ ತಾಪತ್ರಯ ಹುಟ್ಟಿತು. ಸಾಲಿನಲ್ಲಿ ಹೆಂಗಸರು ನಿಲ್ಲುವುದಿಲ್ಲವಲ್ಲ, ಅವರ ಕೊಡಗಳು ನಿಲ್ಲುತ್ತವೆ. ಹಿತ್ತಾಳೆ ಕೊಡಕ್ಕಾದರೆ ಒಂದೊಂದಕ್ಕೆ ಒಂದೊಂದು ತಗ್ಗು, ಒಂದೊಂದು ಗುರುತು. ಪ್ಲಾಸ್ಟಿಕ್ ಕೊಡಗಳೆಲ್ಲ ಒಂದೇ ಮುಖದವು. ನೀಲಿ ಕೊಡ ನನ್ನದು ತನ್ನದು ಎಂದು ಜುಟ್ಟು ಹಿಡಿಯುವವರೆಗೂ ಹೋಯಿತು. ಆಗ ಮಾವ ರೇಡಿಯೋ ರಿಪೇರಿಯವರ ಹತ್ತಿರ ಒಂದು ಸಾಲ್ಡರಿಂಗ್ ಕಡ್ಡಿ ತಂದು, ಕಾಯಿಸಿ, ಕೊಡದ ಕತ್ತಿನ ಮೇಲೆ ಹೆಸರು ಸುಟ್ಟು ಬರೆಯತೊಡಗಿದರು. ನಾನು ಮದುವೆಯಾಗಿ ಬಂದಾಗ ಈ ಕೆಲಸ ಭರಾಟೆಯಲ್ಲಿತ್ತು. ಮಾವನ ತಮಿಳು ಅಕ್ಷರ ಎಷ್ಟು ದುಂಡಗೆಂದರೆ, ಬೇರೆ ಅಂಗಡಿಯ ಕೊಡ ಕೊಂಡವರೂ ಹೆಸರಿಗೆ ಇಲ್ಲಿಗೇ ಬರುತ್ತಿದ್ದರು. ಬರೆದು ಮುಗಿದ ಮೇಲೆ ಅಕ್ಷರದ ಅಂಚಿನಲ್ಲಿ ಎದ್ದ ಸಣ್ಣ ಸಣ್ಣ ಉಂಡೆಗಳನ್ನು ಚಾಕುವಿನಿಂದ ಹೆರೆದು, ‘ಫೂ’ ಎಂದು ಊದಿ, ಗಿರಾಕಿಯ ಕೈಗೆ ಕೊಡುವರು. ಹೆರೆದ ಪುಡಿಯಲ್ಲಿ ಅರ್ಧ ನೆಲಕ್ಕೆ, ಅರ್ಧ ಕೊಡದ ಒಳಕ್ಕೆ. ಗಿರಾಕಿ ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲುವಳು, ಎರಡನೆಯ ನೀರು ಕುಡಿಯುವುದಕ್ಕೆ. ಅದರಲ್ಲಿ ಏನೋ ತಪ್ಪಿದೆ ಎಂದು ಆಗ ನಮಗೆ ಯಾರಿಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಹೋದ ವರ್ಷ. ನನ್ನ ಮಗಳು ನಂದಿನಿ ಕೊಯಮತ್ತೂರಿನಲ್ಲಿ ಲ್ಯಾಬ್ ಕೆಲಸದ ಓದು ಓದುತ್ತಾಳೆ. ಶನಿವಾರ ಮನೆಗೆ ಬಂದರೆ ಊಟದ ಹೊತ್ತಿನಲ್ಲಿ ಹೊಟ್ಟೆ ತೊಳಸುವ ವಿಷಯಗಳನ್ನೇ ಆರಿಸಿ ಹೇಳುವುದು ಅವಳ ಅಭ್ಯಾಸ. ಆ ದಿನದ ಸರದಿ ಪ್ಲಾಸ್ಟಿಕ್ಕಿನದು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮನುಷ್ಯರ ರಕ್ತದಲ್ಲಿವೆ, ಶ್ವಾಸಕೋಶದಲ್ಲಿವೆ, ಬಾಣಂತಿಯ ಹಾಲಿನಲ್ಲೂ ಸಿಕ್ಕಿವೆ, ಅವು ಒಳಗೆ ಏನೇನು ಮಾಡುತ್ತವೆ ಎಂದು ಇನ್ನೂ ಪೂರ್ತಿ ಗೊತ್ತಾಗಿಲ್ಲ ಎಂದಳು. ನಾನು ರಸಂ ಬಡಿಸುತ್ತಿದ್ದೆ. ಮಾವ ಕಲಸಿದ ತುತ್ತು ಎಲೆಯಲ್ಲೇ ಬಿಟ್ಟು ಕೇಳಿದರು.

“ಮಗು, ಅದ್ರಾಗೆ ನಮ್ ಅಂಗಡೀದೂ ಇರ್ತದಾ?”

“ತಾತಾ, ಅದರ ಮೇಲೆ ಹೆಸರು ಬರೆದಿರೋದಿಲ್ಲ ಅಲ್ವಾ,” ಎಂದು ನಂದಿನಿ ನಕ್ಕಳು. ನಾನೂ ನಕ್ಕೆ. “ನಿಮ್ಮ ಕೈಬರಹ ಇದ್ದಿದ್ರೆ ಊರಿನೋರೆಲ್ಲ ಗುರ್ತು ಹಿಡೀತಿದ್ರು ಮಾವ,” ಎಂದು ಒಗ್ಗರಣೆ ಬೇರೆ ಹಾಕಿದೆ. ಈಗ ನೆನೆದರೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ. ಮಾವ ನಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಬಿಳಿ ಅಂಗಿ ತೊಟ್ಟು ಸಿದ್ಧರಾಗಿ ಕೂತಿದ್ದರು. “ಅಮ್ಮಣಿ, ವಂಡಿ ತೆಗಿ,” ಎಂದರು. ವಂಡಿ ಎಂದರೆ ನನ್ನ ಸ್ಕೂಟರು. ತಾವು ಹೆಸರು ಬರೆದ ಕೊಡಗಳನ್ನೆಲ್ಲ ವಾಪಸು ತಂದು, ಬದಲಿಗೆ ಎವರ್‌ಸಿಲ್ವರ್ ಕೊಡ ಕೊಟ್ಟು ಬರಬೇಕಂತೆ. ಎಂಬತ್ತರ ಮುದುಕರು ಹಿಂದೆ ಕೂತು ತೊಡೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹಿಡಿದು, ನಾನು ಮುಂದೆ ಹೆಲ್ಮೆಟ್ ಹಾಕಿ, ಊರ ಬೀದಿಯಲ್ಲಿ ಹೊರಟ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಪ್ರತಿ ಹಳ್ಳಕ್ಕೂ ಹಿಂದೆ ಡಣ್ ಎಂದು ಸದ್ದು. ಎವರ್‌ಸಿಲ್ವರ್ ಸುಮ್ಮನೆ ಕೊಡುತ್ತಾರೆ ಎಂದರೆ ಯಾರಾದರೂ ನಂಬುತ್ತಾರೆಯೇ? ಮೊದಲ ಮನೆಯಾಕೆ ಬಾಗಿಲು ಅರ್ಧ ತೆಗೆದು, “ಎಲೆಕ್ಷನ್ ವಂದುರುಚ್ಚಾ?” ಎಂದು ಕೇಳಿದಳು. ಚುನಾವಣೆ ಬಂತೇ ಎಂದು. ಎರಡನೆಯಾಕೆ ಹೊಸ ಕೊಡ ಇಟ್ಟುಕೊಂಡು, ಹಳೆಯದನ್ನು ಮಾತ್ರ ಕೊಡಲಿಲ್ಲ. ಅದು ದನಕ್ಕೆ ಗಂಜಿ ಹಾಕಲು ಬೇಕಂತೆ. ಮೂರನೆಯಾಕೆಯ ಕೊಡದ ಮೇಲೆ ಸತ್ತ ಗಂಡನ ಹೆಸರಿತ್ತು. ಅದನ್ನು ಕೊಡಿ ಎಂದು ಕೇಳಲು ಮಾವನಿಗೇ ಬಾಯಿ ಬರಲಿಲ್ಲ.

ನಾಲ್ಕನೆಯದು ಊರಾಚೆ ತೋಟದಲ್ಲಿರುವ ರುಕ್ಕುಮಣಿಯಮ್ಮನ ಮನೆ. ಆಕೆ ಮಾವನ ಹಳೆಯ ಗಿರಾಕಿ. ಮಾವ ತಪ್ಪಾಯಿತು ಎನ್ನುತ್ತಲೇ, “ಪೋಂಗೊ ಮೊದಲಾಳಿ,” ಹೋಗಿ ಸಾಹುಕಾರರೇ ಎಂದು ಗದರಿಕೊಂಡೇ ಕುರ್ಚಿ ಹಾಕಿದರು. ಆ ಕೊಡ ಇಲ್ಲದಿದ್ದರೆ ತನ್ನ ಬೆನ್ನು ಎಂದೋ ಮುರಿದಿರುತ್ತಿತ್ತು, ತಪ್ಪಂತೆ ತಪ್ಪು ಎಂದು ತಮಿಳಿನಲ್ಲಿ ಬೈದರು. ಕೊಡ ಅಂಗಳದ ಬಿಸಿಲಿನಲ್ಲಿತ್ತು. ಅದರಲ್ಲಿ ಕರಿಬೇವಿನ ಗಿಡ. ಬಣ್ಣ ಬಿಳಿಚಿಕೊಂಡು ಹಸಿರೋ ನೀಲಿಯೋ ತಿಳಿಯುತ್ತಿರಲಿಲ್ಲ. ಮಾವ ಬಗ್ಗಿ ಅದರ ಕತ್ತು ಹಿಡಿದು ಎತ್ತಿದರು. ಕತ್ತು ಕೈಗೆ ಬಂತು. ಕೈಗೆ ಬಂದದ್ದು ಬೆರಳಿನ ಒತ್ತಡಕ್ಕೇ ಪುಡಿಯಾಯಿತು. ನಾನು ಹಪ್ಪಳ ಮುರಿಯುವುದನ್ನು ನೋಡಿದ್ದೇನೆ, ಕೊಡ ಹಾಗೆ ಮುರಿಯುವುದನ್ನು ನೋಡಿರಲಿಲ್ಲ. ರುಕ್ಕುಮಣಿಯಮ್ಮ “ಅಯ್ಯೋ, ಅಂಗಿಯೆಲ್ಲ ಆಯ್ತು” ಎಂಬರ್ಥದಲ್ಲಿ ಏನೋ ಹೇಳಿ, ಪೊರಕೆ ತಂದು ಆ ಪುಡಿಯನ್ನೆಲ್ಲ ಗುಡಿಸಿ ತೆಂಗಿನ ಪಾತಿಗೆ ನೂಕಿದರು. ಅಲ್ಲಿ ನೀರು ಹರಿಯುತ್ತಿತ್ತು. ಮಾವ ಆ ನೀರನ್ನೇ ನೋಡುತ್ತ ನಿಂತರು. ನಾನು ಏನಾದರೂ ತಮಾಷೆ ಮಾಡಬೇಕೆಂದು ಹುಡುಕಿದೆ. ಏನೂ ಸಿಗಲಿಲ್ಲ.

ಅಂದಿನಿಂದ ಮಾವ ಸ್ಕೂಟರು ಹತ್ತಲಿಲ್ಲ. ಊಟವೂ ಇಳಿಯಿತು. ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವರು ಒಂದು ಸಲಕ್ಕೆ ಕೈ ಅಡ್ಡ ಹಿಡಿಯತೊಡಗಿದರು. ಹೋದ ಬೇಸಿಗೆಯಿಂದ ಈ ಬೇಸಿಗೆಗೆ ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು ಬಡವಾದರು. ಡಾಕ್ಟರು ಪರೀಕ್ಷೆ ಮಾಡಿ ಕಾಯಿಲೆ ಏನೂ ಇಲ್ಲ ಎಂದರು. ಕಾಯಿಲೆ ಇಲ್ಲದೆ ಕರಗುತ್ತಿರುವವರನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

ಮನೆಯವರೆಲ್ಲ ಸಮಾಧಾನಕ್ಕೆ ನಿಂತೆವು. “ಅಪ್ಪಾ, ನಾವ್ ಮಾರ್ಲಿಲ್ಲಾಂದ್ರೆ ಪಕ್ಕದ ಬೀದಿಯೋರು ಮಾರ್ತಿದ್ರು,” ಎಂದರು ನನ್ನ ಗಂಡ. “ಮಾಡೋದು ದೊಡ್ಡ ದೊಡ್ಡ ಕಂಪನಿಗಳು ತಾತಾ, ನೀವಲ್ಲ,” ಎಂದಳು ನಂದಿನಿ. ಅತ್ತೆ ಅಡುಗೆಮನೆಯಿಂದಲೇ, “ಕೇಳಿದ್ದು ನಾನು, ತಂದಿದ್ದು ನೀವು. ಇದ್ರಾಗೆ ಏನ್ ತಪ್ಪುಂಗೊ? ಬಂದು ಊಟ ಮಾಡಿ,” ಎಂದರು. ನಾನೂ ನನ್ನ ಪಾಲಿಗೆ, “ಆ ಕಾಲದಲ್ಲಿ ಯಾರಿಗೆ ಗೊತ್ತಿತ್ತು ಮಾವ,” ಎಂದೆ. ಎಲ್ಲವೂ ನಿಜವಾದ ಮಾತುಗಳೇ. ಮಾವ ಎಲ್ಲ ಕೇಳಿಸಿಕೊಂಡು, ದನಿ ಏರಿಸದೆ ಹೇಳಿದರು.

“ಎಲ್ರೂ ನಂದಲ್ಲ ಅಂತೀರಿ. ಅವ್ರದ್ದಲ್ಲ, ಇವ್ರದ್ದಲ್ಲ ಅಂತೀರಿ. ಇಷ್ಟು ಜನದ ರಕ್ತದಾಗೆ ಯಾರ್ದೂ ಅಲ್ದೆ ಬಂದು ಕೂತ್ಕೊಂಡ್ತಾ ಅದು?”

ಅತ್ತೆ ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಒಂದು ಸಲ ಇಳಿಸಿ ಮತ್ತೆ ಇಟ್ಟರು.

ಈಗ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಪಲ್ಲಡಂ ರಸ್ತೆಯ ಒಂದು ಬನಿಯನ್ ಕಂಪನಿಯಲ್ಲಿ ನನ್ನ ಟೇಬಲ್ಲು. ತಿರುಪ್ಪೂರು ಸೀಮೆಯಲ್ಲಿ ಒಳಗೆ ಟೀ ಶರ್ಟೇ ಹೊಲಿಯಲಿ, ಚಳಿಗಾಲದ ಜಾಕೆಟ್ಟೇ ಹೊಲಿಯಲಿ, ಅದಕ್ಕೆ ಬನಿಯನ್ ಕಂಪನಿ ಎಂದೇ ಹೆಸರು. ನಾವು ಹೊಲಿಯುವುದರಲ್ಲಿ ಈಗ ಅರ್ಧಕ್ಕರ್ಧ ಪಾಲಿಯೆಸ್ಟರು. ಹೊರದೇಶದ ಗಿರಾಕಿಗಳು ಕಳಿಸುವ ಫಾರಂಗಳನ್ನು ತುಂಬುವುದು ನನ್ನ ಕೆಲಸ. ಅದರಲ್ಲೊಂದು ಕಾಲಂ ಇದೆ: ಒಗೆದಾಗ ಬಟ್ಟೆಯಿಂದ ಉದುರುವ ಸಣ್ಣ ಎಳೆಗಳ ಬಗ್ಗೆ ನಿಮ್ಮ ಹೊಣೆ ಏನು ಎಂದು ಕೇಳುತ್ತದೆ. ಈ ಕಾಲಂ ಬಂದ ಹೊಸದರಲ್ಲಿ ನಾನು ನಮ್ಮ ಮ್ಯಾನೇಜರನ್ನು ಕೇಳಿದ್ದೆ. ಅದು ಬಣ್ಣ ಹಾಕುವವರದ್ದು ಎಂದರು. ಬಣ್ಣದವರು ನೂಲಿನವರದ್ದು ಎಂದರು. ನೂಲಿನವರು ಒಗೆಯುವವರದ್ದು ಎಂದರು. ಒಗೆಯುವವರು ಎಂದರೆ ಆ ಗಿರಾಕಿಯ ದೇಶದವರು, ಅವರು ಕಳಿಸಿದ್ದೇ ಈ ಫಾರಂ! ಹೀಗೆ ಊರೆಲ್ಲ ಸುತ್ತಿ ಬಂದ ಪ್ರಶ್ನೆಗೆ ನಾನು ‘ಅನ್ವಯಿಸುವುದಿಲ್ಲ’ ಎಂದು ತುಂಬಿ ಕಳಿಸಿದೆ. ಆಮೇಲೆ ಅದೇ ರೂಢಿಯಾಯಿತು. ಕೈ ತಾನೇ ಬರೆಯುತ್ತಿತ್ತು. ಮಾವನ ಕೈಬರಹವನ್ನು ಗೇಲಿ ಮಾಡಿದ ದಿನವೂ ಬೆಳಿಗ್ಗೆ ಎರಡು ಫಾರಂ ತುಂಬಿ ಬಂದಿದ್ದೆ.

ಹೋದ ತಿಂಗಳು ಮತ್ತೊಂದು ಫಾರಂ ಬಂತು. ಆ ಕಾಲಂಗೆ ಬಂದಾಗ ಕೈ ನಿಂತಿತು. ನಾನು ಧೈರ್ಯಸ್ಥೆಯಲ್ಲ, ಎರಡು ಸಲ ಎದ್ದು ಹೋಗಿ ಟೀ ಕುಡಿದು ಬಂದೆ. ಮೂರನೆಯ ಟೀಗೆ ಹೊಟ್ಟೆಯಲ್ಲಿ ಜಾಗವಿಲ್ಲದ್ದರಿಂದ ‘ಅನ್ವಯಿಸುತ್ತದೆ’ ಎಂದು ಬರೆದು ಮ್ಯಾನೇಜರ ಟೇಬಲ್ಲಿಗೆ ಇಟ್ಟೆ.

“ಎನ್ನ ಮೇಡಂ, ಪುದುಸಾ ಇರುಕ್ಕು?” ಎಂದರು ಅವರು, ಹೊಸದಾಗಿದೆಯಲ್ಲ ಎಂದು. ಒಳ್ಳೆಯ ಮನುಷ್ಯ, ರೇಗಲಿಲ್ಲ. ತಾನು ನೋಡಿಕೊಳ್ಳುತ್ತೇನೆ ಎಂದು ಫಾರಂ ತೆಗೆದು ಡ್ರಾಯರಿನಲ್ಲಿಟ್ಟರು. ಏನು ನೋಡಿಕೊಂಡರೋ ನನಗೆ ಗೊತ್ತಿಲ್ಲ. ಅದು ಮರಳಿ ನನ್ನ ಟೇಬಲ್ಲಿಗೆ ಬಂದಿಲ್ಲ.

ಸಂಜೆ ಕಂಪನಿ ಬಸ್ಸಿಳಿದು ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಮಾವನಿಗೆ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಏನೆಂದು ತುಂಬುತ್ತಿದ್ದೆ ಎಂಬುದನ್ನೂ ಹೇಳಿದೆ. ಆಮೇಲೆ, ಸಮಾಧಾನದ ಮಾತು ಸಾಕೆನಿಸಿ, ಇನ್ನೊಂದನ್ನೂ ಹೇಳಿಬಿಟ್ಟೆ.

“ನಿಮ್ಮದೂ ಇದೆ ಮಾವ. ಎಲ್ಲಾ ಅಲ್ಲ, ಸ್ವಲ್ಪ. ನನ್ನದೂ ಇದೆ.”

ಕಷ್ಟಪಟ್ಟು ದುಡಿದು ಮನೆ ನಿಲ್ಲಿಸಿದ ಮುದುಕರಿಗೆ ಸೊಸೆ ಆಡುವ ಮಾತೇ ಇದು? ಮಾವ ನನ್ನ ಮುಖವನ್ನೇ ನೋಡಿದರು. “ಆಮಾ,” ಎಂದರು. ಹೌದು ಎಂದು. ಇನ್ನೊಮ್ಮೆ “ಆಮಾ” ಎಂದರು. ಆ ರಾತ್ರಿ ಊಟಕ್ಕೆ ಕೂತವರು ಎರಡನೆಯ ಸಲ ಅನ್ನಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಮಜ್ಜಿಗೆಗೆಂದು ಮೂರನೆಯ ಸಲವೂ ಹಾಕಿಸಿಕೊಂಡರು. ಅತ್ತೆ ನನ್ನ ಕಡೆ ನೋಡಿ, ಏನು ಹೇಳಿದೆ ಎಂದು ಹುಬ್ಬಿನಲ್ಲೇ ಕೇಳಿದರು. ಕೈ ತೊಳೆದು ಬಂದ ಮಾವ ನನ್ನೆದುರು ಕೂತರು.

“ಸರಿ ಅಮ್ಮಣಿ. ನಂದು ನಾನ್ ಇಟ್ಕೊಂಡೆ. ನಿಂದು ನೀನ್ ಇಟ್ಕೊಂಡೆ. ಮಿಕ್ಕಿದ್ದು ಯಾರ್ದು ಅಂತ ಕೇಳೋದ್ ಬೇಡ್ವಾ?”

ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ನೂಲಿನ ಮಿಲ್ಲಿಗೆ ಫೋನ್ ಮಾಡಿದೆ. ಅವರು ಪಾಲಿಯೆಸ್ಟರ್ ಎಳೆ ಮಾಡುವ ಕಾರ್ಖಾನೆಯ ನಂಬರ್ ಕೊಟ್ಟರು. ಕಾರ್ಖಾನೆಯವರು ಎಳೆಗೆಂದು ಕರಗಿಸುವ ಪ್ಲಾಸ್ಟಿಕ್ ಕಾಳು ಒದಗಿಸುವವರ ನಂಬರ್ ಕೊಟ್ಟರು. ಅವರ ಆಫೀಸಿನಲ್ಲಿ ಯಾರೋ ಒಬ್ಬಾಕೆ ಬಹಳ ನಯವಾಗಿ, ಇದು ನಮ್ಮ ವಿಭಾಗದ್ದಲ್ಲ ಎಂದು ಬೇರೊಂದು ನಂಬರ್ ಕೊಟ್ಟಳು. ಈಗ ನಾಲ್ಕನೆಯ ನಂಬರಿನಲ್ಲಿದ್ದೇನೆ. ಅದು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಊಟದ ಬಿಡುವಿನಲ್ಲಿ ದಿನಾ ಒಂದು ಸಲ ಮಾಡುತ್ತೇನೆ. ಆಫೀಸಿನವರಿಗೆ ನಾನೊಂದು ಮನರಂಜನೆಯಾಗಿದ್ದೇನೆ.

ಮಾವ ಈಗ ಸಂಜೆ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಬಸ್ಸಿಳಿದು ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗುತ್ತಾರೆ:

“ಏನ್ ಅಮ್ಮಣಿ, ಯಾರಾದ್ರೂ ಒಪ್ಕೊಂಡ್ರಾ?”

“ಇಲ್ಲ ಮಾವ,” ಎಂದು ನಾನೂ ಕೂಗಿ ಹೇಳುತ್ತೇನೆ. “ಸದ್ಯಕ್ಕೆ ನಾವಿಬ್ಬರೇ.”