ಒಂದೇ ಹಾಡಿನ ಮುನೀಂದ್ರ

ಗಡಿಯ ಬಾಗಲೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮುನೀಂದ್ರನ ಹತ್ತಿರ ಟ್ರ್ಯಾಕ್ಟರಿನವರು, ಶೇರ್ ಆಟೋದವರು ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಕೊಳ್ಳಲು ಬರುತ್ತಾರೆ. ಒಂದು ಸಿನಿಮಾದ ಅಷ್ಟೂ ಹಾಡು ಬೇಕೆಂದರೆ ಅವನಿಗೆ ಸಿಟ್ಟು. "ಎಲ್ಲಾ ಯಾಕ್ಲಾ? ಈ ಒಂದು ಪಾಟ್ಟು ಕೇಳು, ಮಿಕ್ಕಿದ್ದೆಲ್ಲಾ ಬರೀ ಸದ್ದು ಕಣ್ಲಾ" ಎಂದು, ಕನ್ನಡವೋ ತಮಿಳೋ ತೆಲುಗೋ, ತಾನು ಆರಿಸಿದ ಒಂದನ್ನೇ ಹಾಕಿಕೊಡುತ್ತಾನೆ. ಅದು ಮುಗಿಯುವವರೆಗೆ ಗಿರಾಕಿ ಮಾತಾಡುವಂತಿಲ್ಲ. ಫೋನ್ ಬಂದರೆ ಅಂಗಡಿಯಿಂದ ಇಳಿಯಬೇಕು. ಪಲ್ಲವಿ ಹಿಡಿಸದಿದ್ದರೆ ಅವನು ಚರಣಕ್ಕೆ ಕಾಯುವವನಲ್ಲ, ಅಲ್ಲೇ ಅಳಿಸಿಬಿಡುತ್ತಾನೆ. ಆರಿಸಿಟ್ಟವುಗಳಲ್ಲಿ ಅವನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದು ಸಾನಮಾವು ಹಳ್ಳಿಯ ದೊಡ್ಡಮುನಿಯಮ್ಮ ರಾಗಿ ಹೊಲದಲ್ಲಿ ಕಳೆ ಕೀಳುತ್ತ ಹಾಡಿದ್ದನ್ನು. ಮೂರು ದಿನ ಬದುವಿನ ಮೇಲೆ ಕೂತು ಆಕೆಯ ನಲವತ್ತು ಹಾಡುಗಳನ್ನು ಫೋನಿಗೆ ಹಿಡಿದುಕೊಂಡಿದ್ದ. ದನಿ ಎಲ್ಲೂ ಒಡೆಯದ ಒಂದನ್ನು ಮಾತ್ರ ಉಳಿಸಿಕೊಂಡ. ಆಕೆ ತೀರಿಕೊಂಡ ತಿಂಗಳಿಗೆ ಮಗಳು ಸುಗುಣಾ ಅಂಗಡಿಗೆ ಬಂದಳು. ಆ ಹಾಡನ್ನು ಕಣ್ಣು ಮುಚ್ಚಿ ಕೇಳಿ, "ಮಿಕ್ಕಿದ್ದೂ ಹಾಕಣ್ಣ" ಎಂದಳು. "ಅವು ಇಷ್ಟು ಚೆಂದಾಗಿರ್ಲಿಲ್ಲಮ್ಮ. ಮಧ್ಯದಾಗೆ ಕೆಮ್ಮು ಬಂದ್ಬುಟ್ಟಿತ್ತು, ಅಳಿಸ್ಬುಟ್ಟೆ" ಎಂದ. ಸುಗುಣಾ ಕೇಳಿದಳು, "ಕೆಮ್ಮಿದ್ರೂ ನಮ್ಮಮ್ಮನೇ ಅಲ್ವೇನಣ್ಣ?" ಮುನೀಂದ್ರ ಈಗಲೂ ಒಂದೇ ಹಾಡು ಹಾಕಿಕೊಡುತ್ತಾನೆ. ಆದರೆ ಯಾರಾದರೂ ಫೋನ್ ತಂದು, ಜಾಗ ಸಾಲದು, ಹಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ತೆಗೆದುಹಾಕು ಎಂದರೆ, "ಮೊದ್ಲು ಎಲ್ಲಾ ಒಂದ್ಸಲ ಕೇಳ್ಬುಟ್ಟು ಬಾ, ಹೋಗು" ಎಂದು ಫೋನನ್ನು ಅವರ ಕೈಗೇ ಹಿಂದಕ್ಕೆ ಕೊಡುತ್ತಾನೆ.